ಎಲ್ಕ್ ಭಾಷೆ ಬಲ್ಲ ನನ್ನ ಮೈದುನ

ನನ್ನ ಮೈದುನನಿಗೆ, ಅಂದರೆ ನಿಮ್ಮ ಚಿಕ್ಕ ತಾತನಿಗೆ, ಮೂರು ಭಾಷೆ ಬರುತ್ತದೆ. ಕನ್ನಡ, ಇಂಗ್ಲಿಷು, ಮತ್ತೆ ಹೆಣ್ಣು ಎಲ್ಕಿನ ಭಾಷೆ. ಮೂರರಲ್ಲಿ ತಪ್ಪಿಲ್ಲದೆ ಮಾತಾಡುವುದು ಕೊನೆಯದನ್ನು ಮಾತ್ರ! ಕನ್ನಡಕ್ಕೆ ಅರ್ಧಕ್ಕರ್ಧ ಇಂಗ್ಲಿಷು ಬೆರೆಸುತ್ತಾನೆ, ಇಂಗ್ಲಿಷಿಗೆ ಮಂಡ್ಯ ಬೆರೆಸುತ್ತಾನೆ. ಎಲ್ಕ್ ಭಾಷೆಗೆ ಮಾತ್ರ ಏನನ್ನೂ ಬೆರೆಸುವುದಿಲ್ಲ.

ಮಕ್ಕಳೇ, ನಿಮಗೆ ಇದನ್ನು ಓದಲು ಬರುವುದಿಲ್ಲ ಅಂತ ಗೊತ್ತು. ನಿಮ್ಮಮ್ಮ ಓದಿ ಹೇಳುತ್ತಾಳೆ, ನೀವಿಬ್ಬರೂ ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ನಗುತ್ತೀರಿ. ನಾನು ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ನಾಲ್ಕು ಜನರ ಎದುರು ಬಾಯಿ ಬಿಡಲು ಈಗಲೂ ನಾಚಿಕೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲವಲ್ಲ, ಅದೊಂದು ಸುಖ.

ಎಲ್ಕ್ ಅಂದರೆ ನಮ್ಮ ಕಡೆಯ ಕಡವೆಯ ದೊಡ್ಡಣ್ಣ. ಕಡವೆಯ ಮುಖ, ಎಮ್ಮೆಯ ಮೈ, ತಲೆಯ ಮೇಲೆ ಒಣಗಿದ ಮರದ ಕೊಂಬೆಗಳಂಥ ಕೊಂಬು. ಹೆಣ್ಣು ಎಲ್ಕಿನ ಹಾಗೆ ಕೂಗಿದರೆ ಗಂಡು ಹತ್ತಿರ ಬರುತ್ತದಂತೆ. ಅದಕ್ಕೆ ಬಾಯೊಳಗೆ ಇಟ್ಟುಕೊಂಡು ಊದುವ ರಬ್ಬರಿನ ಒಂದು ಪೀಪಿ ಸಿಗುತ್ತದೆ. ವಿಮಾನದ ಕಂಪನಿಯಲ್ಲಿ ಇಂಜಿನಿಯರಾಗಿದ್ದು ರಿಟೈರ್ ಆದ ಮೈದುನ ಆ ಪೀಪಿಯನ್ನು ಬಾಯಿಗಿಟ್ಟವನು ಊಟ ಮಾಡಲು ಮತ್ತು ಹಲ್ಲುಜ್ಜಲು ಬಿಟ್ಟರೆ ಹೊರಗೆ ತೆಗೆದದ್ದನ್ನು ನಾನು ಕಾಣೆ! ಫೋನ್ ಮಾಡಿದರೆ "ಹಲೋ" ಇಲ್ಲ. "ಮ್ಯೂಂ..." ಅಂತ ಎಳೆಗರು ತಾಯಿಯನ್ನು ಕರೆದ ಹಾಗೆ ಒಂದು ಸದ್ದು.

"ಏನಪ್ಪ ಅದರರ್ಥ?" ಅಂತ ಒಮ್ಮೆ ಕೇಳಿದೆ.

"ತುಂಬ ಸಿಂಪಲ್ ಅತ್ತಿಗೆ. ಕಾಡಲ್ಲಿ ಒಂದಕ್ಕೊಂದು ಕಾಣದೇ ಹೋದಾಗ ಕೂಗೋದು. 'ನಾನಿಲ್ಲಿದ್ದೀನಿ, ನೀನೆಲ್ಲಿದ್ದೀಯ?' ಅಂತ."

"ಅದಕ್ಕೆ ಉತ್ತರ?"

"ಅದೇ ಕೂಗು. ಬೇರೆ ಮಾತೇ ಇಲ್ಲ ಅದರ ಹತ್ತಿರ."

ಒಂದು ಸಂಜೆ ಅವನು ಲಾಸ್ ಏಂಜಲಿಸ್ ಪಕ್ಕದ ತನ್ನೂರು ರೆಡೊಂಡೊ ಬೀಚಿನ ಮರಳಿನಲ್ಲಿ ಟವೆಲ್ ಹಾಸಿಕೊಂಡು, ಮುಖದ ಮೇಲೆ ಟೋಪಿ ಮುಚ್ಚಿಕೊಂಡು ಮಲಗಿ ಅಭ್ಯಾಸ ಮಾಡುತ್ತಿದ್ದನಂತೆ. ಆ ಸದ್ದು ಕೇಳಿದ ಒಬ್ಬ ಹೆಂಗಸು ಯಾವುದೋ ಸಮುದ್ರಸಿಂಹದ ಮರಿ ದಡಕ್ಕೆ ಬಿದ್ದು ಒದ್ದಾಡುತ್ತಿದೆ ಅಂತ ಪ್ರಾಣಿ ಕಾಪಾಡುವವರಿಗೆ ಫೋನ್ ಮಾಡಿಬಿಟ್ಟಳು. ಇಬ್ಬರು ಹುಡುಗರು ಬಲೆ, ಬಕೆಟ್ಟು, ಒದ್ದೆ ಕಂಬಳಿ ಹಿಡಿದು ಓಡಿ ಬಂದರು! ಟೋಪಿ ಎತ್ತಿ ನೋಡಿದರೆ ನಮ್ಮ ಮೈದುನ. "ಕಂಬಳಿ ಹೊದಿಸಿದರೋ ಇಲ್ಲವೋ?" ಅಂತ ನಾನು ಕೇಳಿದ್ದಕ್ಕೆ ಅವನಿಗೆ ಕೋಪ ಬಂದು ಎರಡು ದಿನ ಫೋನ್ ಮಾಡಲಿಲ್ಲ. ಮೂರನೇ ದಿನ ಮತ್ತೆ "ಮ್ಯೂಂ".

ಈ ಎಲ್ಕಿನ ಹುಚ್ಚು ಅವನೊಬ್ಬನದಲ್ಲ. ನಿಮ್ಮ ತಾತನದೂ ಹೌದು.

ನಿಮ್ಮಮ್ಮನ ಬಾಣಂತನಕ್ಕೆ ಅಂತ ಬಂದ ನಾವಿಬ್ಬರು ಇಲ್ಲೇ ಉಳಿದೆವಲ್ಲ, ಆಗ ಇದ್ದದ್ದು ರೆಡೊಂಡೊ ಬೀಚಿನಲ್ಲಿ, ಮೈದುನನ ಮನೆಯ ಹಿಂದಿನ ಪುಟ್ಟ ಮನೆಯಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ, ಬಾಗಿಲ ಮುಂದೆ ಕರಿಬೇವಿನ ಕುಂಡ. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಹೊರಗಿನಿಂದಲೇ ಮಾತಾಡಬೇಕು. ನಾನು ಮದುವೆಯಾಗಿ ಬಂದಾಗ ಚಡ್ಡಿ ಹಾಕುತ್ತಿದ್ದ ಮೈದುನ, ಆಗ ನನ್ನ ಒಲೆಯ ಮುಂದೆ ಬಂದು ಕೂರುತ್ತಿದ್ದವನು, ಇಲ್ಲಿ ತಲೆ ನರೆತ ಮೇಲೂ ಹಾಗೇ ಬರುತ್ತಿದ್ದ. ಬಾಗಿಲು ತಟ್ಟುವುದಿಲ್ಲ, ಕೇಳುವುದಿಲ್ಲ. ತನ್ನ ಮನೆಯಿಂದ ತಟ್ಟೆ ಹಿಡಿದುಕೊಂಡೇ ಒಳಗೆ ನುಗ್ಗಿ ಪಾತ್ರೆಯ ಮುಚ್ಚಳ ಎತ್ತುವುದು! ಮದುವೆ ಯಾಕೆ ಆಗಲಿಲ್ಲ ಅಂತ ಯಾರಾದರೂ ಕೇಳಿದರೆ "ಅತ್ತಿಗೆ ಮುದ್ದೆ ತಿರುವೋದನ್ನ ನಿಲ್ಲಿಸಲಿ, ಆಗ ನೋಡೋಣ" ಅನ್ನುತ್ತಿದ್ದ.

ಅಣ್ಣ ತಮ್ಮ ಇಬ್ಬರೂ ಸೇರಿ ವರ್ಷಾ ವರ್ಷಾ ಕೊಲೊರಾಡೊದಲ್ಲಿ ಎಲ್ಕ್ ಬೇಟೆಗೆ ಅಪ್ಲೈ ಮಾಡುತ್ತಿದ್ದರು. ಇಲ್ಲಿ ಕೋವಿ ಹೆಗಲಿಗೇರಿಸಿ ಕಾಡಿಗೆ ನುಗ್ಗುವ ಹಾಗಿಲ್ಲ. ಮೊದಲು ಕ್ಲಾಸಿಗೆ ಹೋಗಬೇಕು, ಪರೀಕ್ಷೆ ಪಾಸಾಗಬೇಕು, ಆಮೇಲೆ ಲಾಟರಿಯಲ್ಲಿ ಹೆಸರು ಬರಬೇಕು. ಪರೀಕ್ಷೆಯಲ್ಲಿ, ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ನಿಮ್ಮ ತಾತನಿಗೆ ವಿಮಾನದ ಇಂಜಿನಿಯರಿಗಿಂತ ಹೆಚ್ಚು ಮಾರ್ಕ್ಸ್ ಬಂತು. ಆ ವಾರ ಪೂರ್ತಿ ನನ್ನ ಅಡುಗೆಮನೆಯಲ್ಲಿ ಇದೇ ರಾಮಾಯಣ.

"ನಂಗೆ ಇಂಗ್ಲಿಷ್ ಗೊತ್ತಿದ್ದದ್ದೇ ತೊಂದರೆಯಾಯ್ತು ಅಣ್ಣ. ಪ್ರಶ್ನೆ ಪೂರ್ತಿ ಓದಿಬಿಟ್ಟೆ!"

"ಹೂಂ ಕಣೋ. ಬೇಟೆಗೆ ಬೇಕಾದ್ದು ಕಣ್ಣು. ನೀನು ಕನ್ನಡಕ ತಗೊಂಡು ಬಾ, ಸಾಕು."

ಎಲ್ಕ್ ಸಿಕ್ಕಿದ ದಿನ ಮೊದಲ ಸಾರು ಹಿಂದಿನ ಮನೆಯ ಒಲೆಯ ಮೇಲೆ ಅಂತ ಇಬ್ಬರೂ ಸೇರಿ ತೀರ್ಮಾನ ಮಾಡಿದ್ದರು. ನನ್ನನ್ನೇನೂ ಕೇಳಿರಲಿಲ್ಲ, ಬಿಡಿ. ನನಗೂ ಬೇಡ ಅನಿಸಿರಲಿಲ್ಲ.

ಹೆಸರು ಬರುವ ಮೊದಲೇ ಕೊರೊನಾ ಬಂತು. ನಿಮ್ಮ ತಾತ ಆ ವರ್ಷವೇ ಹೋದರು. ಆಸ್ಪತ್ರೆಯ ಗಾಜಿನಾಚೆಯಿಂದ ನೋಡಿದ್ದಷ್ಟೇ. ತಿಥಿಯ ದಿನ ನಾಲ್ಕು ಜನರನ್ನು ಕೂರಿಸಿ ಊಟ ಹಾಕುವ ಹಾಗೂ ಇರಲಿಲ್ಲ. ಆಮೇಲೆ "ಒಬ್ಬಳೇ ಇರೋದು ಬೇಡಮ್ಮ" ಅಂತ ನಿಮ್ಮಮ್ಮ ನನ್ನನ್ನು ಸ್ಯಾನ್ ಡಿಯೇಗೋಗೆ, ಕಾರ್ಮೆಲ್ ವ್ಯಾಲಿಯ ನಿಮ್ಮ ಮನೆಗೆ ಕರೆತಂದಳು. ಎರಡು ಸೂಟ್‌ಕೇಸ್ ತಂದೆ. ಪಾತ್ರೆ ಪಡಗ ಎಲ್ಲ ಅಲ್ಲೇ ಉಳಿಯಿತು.

ನಿಮ್ಮ ಮನೆ ಅರಮನೆ, ನನಗೇನೂ ಕಮ್ಮಿಯಿಲ್ಲ. ಬೆಳಗ್ಗೆ ನಿಮ್ಮನ್ನು ಸ್ಕೂಲಿಗೆ ಬಿಡಲು ಕಾರು ಹೊರಡುತ್ತದೆ, ಸಂಜೆ ಈಜು, ಡ್ಯಾನ್ಸು, ಮತ್ತೆ ಕಾರು. ಅಡುಗೆಮನೆಯ ಸ್ಟವ್ ಮುಟ್ಟಿದರೆ ಟುಂಯ್ ಅನ್ನುತ್ತದೆ, ಬೆಂಕಿಯೇ ಕಾಣುವುದಿಲ್ಲ. ಬೆಂಕಿ ಕಾಣದ ಒಲೆಯ ಮೇಲೆ ನನ್ನ ಕೈ ಓಡುವುದಿಲ್ಲ. ನನಗಿದ್ದ ಆಸೆ ಒಂದೇ: ರೆಡೊಂಡೊ ಬೀಚಿನ ಆ ನನ್ನ ಒಲೆಯನ್ನು ಇನ್ನೊಂದು ಸಲ ಹಚ್ಚಬೇಕು. ಆದರೆ ಮಗಳು ಇಷ್ಟು ಚೆನ್ನಾಗಿ ನೋಡಿಕೊಳ್ಳುವಾಗ ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಒಮ್ಮೆ ಸುತ್ತಿ ಬಳಸಿ ಮೈದುನನನ್ನೇ ಕೇಳಿದೆ. "ಹಿಂದಿನ ಮನೇಲಾ? ನನ್ನ ಬೇಟೆ ಸಾಮಾನು ತುಂಬಿಬಿಟ್ಟಿದೆ ಅತ್ತಿಗೆ, ಕಾಲಿಡೋಕೂ ಜಾಗ ಇಲ್ಲ," ಅಂದ. ಮತ್ತೆ ಕೇಳಲು ನನಗೆ ನಾಚಿಕೆಯಾಯಿತು. ಅವನ ಮನೆ, ಅವನ ಸಾಮಾನು.

ಇಷ್ಟಾದ ಮೇಲೆ, ಕೊರೊನಾ ಎಲ್ಲ ಮುಗಿದ ಎಷ್ಟೋ ದಿನಕ್ಕೆ, ಲಾಟರಿಯಲ್ಲಿ ಹೆಸರು ಬಂತು. ಅವನೊಬ್ಬನದು. ಫೋನಿನಲ್ಲಿ "ಮ್ಯೂಂ" ಇರಲಿಲ್ಲ. "ಬಂತು ಅತ್ತಿಗೆ" ಅಂದ. "ಎಲ್ಲರೂ ಹೋಗೋಣ. ನೀವೂ ಬರಬೇಕು," ಅಂದ.

ಕೊಲೊರಾಡೊಗೆ ಹೋಗಬೇಕಾದವನು ಲಾಸ್ ಏಂಜಲಿಸಿನಿಂದ ನೇರ ಹೋಗುವುದು ಬಿಟ್ಟು, ಅಷ್ಟು ಟ್ರಾಫಿಕ್ಕಿನಲ್ಲಿ ನನ್ನನ್ನು ಕೂರಿಸಿಕೊಳ್ಳಲು ಸ್ಯಾನ್ ಡಿಯೇಗೋಗೆ ಡ್ರೈವ್ ಮಾಡಿಕೊಂಡು ಬಂದ. ಬಂದವನೇ ಒಂದು ಚೀಲದಿಂದ ತೋಳಿಲ್ಲದ ಕೋಟು ತೆಗೆದ. ಬಣ್ಣ? ಅಯ್ಯೋ ದೇವರೇ! ಜಾತ್ರೆಯ ಬೊಂಬೆಮಿಠಾಯಿಗೂ ಅಂಥ ಗುಲಾಬಿ ಬಣ್ಣ ಇರುವುದಿಲ್ಲ. ಕತ್ತಲಲ್ಲಿ ಬಿಟ್ಟರೆ ಅದರ ಬೆಳಕಿನಲ್ಲಿ ಅಕ್ಕಿ ಆರಿಸಬಹುದು.

ನಿಮ್ಮ ತಾತ ಹೋದ ಮೇಲೆ ನಾನು ಬೂದು, ಕಂದು ಬಿಟ್ಟು ಬೇರೆ ಉಟ್ಟವಳಲ್ಲ. ಯಾರೂ ಹೇಳಿದ್ದಲ್ಲ, ಕೈ ತಾನಾಗಿ ಆ ಸೀರೆಗಳ ಕಡೆಗೇ ಹೋಗುತ್ತಿತ್ತು.

"ಇದನ್ನ ನಾನು ಹಾಕೋದಿಲ್ಲಪ್ಪ."

"ನನ್ನಿಷ್ಟ ಅಲ್ಲ ಅತ್ತಿಗೆ, ಕಾನೂನು. ಬೇಟೆ ಕಾಡಲ್ಲಿ ಕಿತ್ತಳೆ ಇಲ್ಲಾ ಗುಲಾಬಿ ಹಾಕಲೇಬೇಕು. ಇಲ್ಲದಿದ್ದರೆ ಪೊಲೀಸು ಹಿಡಕೊಂಡು ಹೋಗ್ತಾರೆ."

ಪೊಲೀಸು ಅಂದ ಮೇಲೆ ಮಾತುಂಟೇ? ಹಾಕಿಕೊಂಡೆ. ಎಲ್ಲರೂ ಕೊಲೊರಾಡೊದ ಕಾಡಿನ ಮರದ ಮನೆ ಸೇರಿದ ಮಾರನೇ ದಿನ ನಿಮ್ಮಿಬ್ಬರಲ್ಲಿ ದೊಡ್ಡವಳು ಫೋನಿನಲ್ಲಿ ಏನೋ ಓದಿ, "ಅಜ್ಜಿ, ದಟ್ಸ್ ಓನ್ಲಿ ಫಾರ್ ಹಂಟರ್ಸ್! ಯೂ ಡೋಂಟ್ ಹ್ಯಾವ್ ಟು!" ಅಂದಳು. ಕೋವಿ ಹಿಡಿದವರಿಗೆ ಮಾತ್ರ ಆ ಕಾನೂನು! ಮೈದುನನ ಕಡೆ ನೋಡಿದೆ. ಅವನು ಛಾವಣಿ ನೋಡುತ್ತಿದ್ದ. ತೆಗೆದುಬಿಡಬಹುದಿತ್ತು. ಆದರೆ ಚಳಿಯಿತ್ತು. ಆಮೇಲೆ ಬಿಸಿಲು ಬಂತು, ಆಗಲೂ ಯಾಕೋ ತೆಗೆಯಲಿಲ್ಲ.

ಈಗ ನಿಮ್ಮಪ್ಪನ ವಿಷಯಕ್ಕೆ ಬರುತ್ತೇನೆ. ಧಾರವಾಡದ ಕಡೆಯವರು, ಮೊಟ್ಟೆಯನ್ನೂ ಮುಟ್ಟದ ಮನುಷ್ಯ. ಅಂಥವರು ಬೇಟೆಗೆ ಹೊರಟಿದ್ದು ಯಾಕೆ? ಸತ್ತ ಎಲ್ಕನ್ನು ಒಬ್ಬ ಮುದುಕ ಹೊರಲಾರ ಅಂತ.

"ಕಾಕಾ, ಹೊರಾಕ ಬಾ ಅಂದ್ರ ಬರ್ತೀನ್ರಿ. ತಿನ್ನಾಕ ಬಾ ಅನಬ್ಯಾಡ್ರಿ," ಅಂತ ಮೊದಲೇ ಕರಾರು.

ಇಬ್ಬರೂ ಬೆಳಕು ಹರಿಯುವ ಮುಂಚೆ ಹೋಗುವುದು, ಕತ್ತಲಾದ ಮೇಲೆ ಬರಿಗೈಯಲ್ಲಿ ಬರುವುದು. ದಿನಗಳು ಹೀಗೇ ಕಳೆದವು. ಮೈದುನ ಪೀಪಿ ಊದಿ ಊದಿ ತುಟಿ ಬಾತುಕೊಂಡಿತು. "ನಾನಿಲ್ಲಿದ್ದೀನಿ, ನೀನೆಲ್ಲಿದ್ದೀಯ?" ಅಂತ ಇಡೀ ಬೆಟ್ಟವನ್ನು ಕೇಳಿದ. ಒಂದು ಎಲ್ಕೂ ಉತ್ತರ ಕೊಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅವನ ಮುಖ ನೋಡಲಾಗುತ್ತಿರಲಿಲ್ಲ.

"ಅಣ್ಣ ಇದ್ದಿದ್ರೆ ಎಲ್ಲಿ ಕೂರಬೇಕು ಅಂತ ಹೇಳ್ತಿದ್ದ," ಅಂದ ಒಂದು ಸಲ. ಮುದ್ದೆ ಅರ್ಧಕ್ಕೇ ಬಿಟ್ಟು ಎದ್ದುಹೋದ. ಅವನು ನನ್ನ ಮುದ್ದೆ ಬಿಟ್ಟದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಕೊನೆಯ ದಿನ ನಡೆದದ್ದನ್ನು ನಿಮ್ಮಪ್ಪನ ಬಾಯಲ್ಲೇ ಕೇಳಬೇಕು. ಮೈದುನ ಸೋತು, ಪೀಪಿಯನ್ನು ಜೇಬಿಗೆ ಹಾಕಿ, ಮರಕ್ಕೆ ಒರಗಿ ಕೂತಿದ್ದಾನೆ. ನಿಮ್ಮಪ್ಪನಿಗೆ ಹಸಿವು. ಅವರ ಅವ್ವ ಊರಿಂದ ಕಳಿಸಿದ ಕಟಕ್ ರೊಟ್ಟಿ ಚೀಲದಲ್ಲಿತ್ತು. ಒಣಗಿ ಹಪ್ಪಳದಂತಾದ ಜೋಳದ ರೊಟ್ಟಿ, ಗೊತ್ತಲ್ಲ? ಮುರಿದರೆ ಪಟ್, ಕಚ್ಚಿದರೆ ಕಟಕಟ.

"ಸದ್ದು ಮಾಡಬೇಡ್ರೀ!" ಅಂತ ಮೈದುನ ಪಿಸುಗುಟ್ಟಿದ.

"ಕಾಕಾ, ರೊಟ್ಟಿ ಐತ್ರಿ, ಬಾಳೆಹಣ್ಣಲ್ಲ. ಸಪ್ಪಳಿಲ್ದಂಗ ಹೆಂಗ ತಿನ್ನಲಿ?"

ಎರಡನೇ ರೊಟ್ಟಿ ಮುರಿಯುವಾಗ ಎದುರಿನ ಪೊದೆ ಅಲುಗಾಡಿತು. ಬೇರೊಂದು ಗಂಡು ತನ್ನ ಜಾಗಕ್ಕೆ ಬಂದು ಕೊಂಬಿನಿಂದ ಗಿಡ ಮುರಿಯುತ್ತಿದೆ ಅಂದುಕೊಂಡಿತೋ ಏನೋ, ಗಂಡು ಎಲ್ಕೊಂದು ಜಗಳಕ್ಕೇ ಬಂದವರಂತೆ ಬಂದು ಮುಂದೆ ನಿಂತಿತು! ನಿಮ್ಮಪ್ಪ ಬಾಯಲ್ಲಿದ್ದ ರೊಟ್ಟಿಯನ್ನು ನುಂಗಲೂ ಇಲ್ಲ, ಉಗಿಯಲೂ ಇಲ್ಲ. ಮೈದುನ ಒಂದೇ ಗುಂಡು ಹೊಡೆದ. ಅದು ನಾಲ್ಕು ಹೆಜ್ಜೆ ಇಟ್ಟು ಬಿತ್ತು.

ಎಲ್ಕ್ ಬಂದದ್ದು ಪೀಪಿಗೋ ರೊಟ್ಟಿಗೋ? ಇವತ್ತಿಗೂ ತೀರ್ಮಾನವಾಗಿಲ್ಲ. "ನನ್ನ ಕೂಗು ನಿಧಾನಕ್ಕೆ ತಲುಪಿತು" ಅನ್ನುತ್ತಾನೆ ಮೈದುನ. "ಅವ್ವಗ ಫೋನ್ ಮಾಡಿ ಹೇಳ್ರಿ, ಆಕೀ ರೊಟ್ಟಿಗೆ ಎಲ್ಕ್ ಬರ್ತಾವಂತ" ಅನ್ನುತ್ತಾರೆ ನಿಮ್ಮಪ್ಪ.

ನಾವೆಲ್ಲ ಗುಂಡಿನ ಸದ್ದು ಕೇಳಿ ಅಲ್ಲಿಗೆ ಹೋದಾಗ ಅವನು ಅದರ ಹಣೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದ. ಟೋಪಿ ತೆಗೆದು ಪಕ್ಕಕ್ಕಿಟ್ಟಿದ್ದ. ನೀವಿಬ್ಬರೂ ಅವತ್ತು ಗಲಾಟೆ ಮಾಡಲಿಲ್ಲ, ನೆನಪಿದೆಯಾ? ಆಮೇಲೆ ಅವನು ಚಾಕು ತೆಗೆದು ಕತ್ತರಿಸಿದ, ನಿಮ್ಮಪ್ಪ ಹೊತ್ತರು. ಮೊಟ್ಟೆ ಮುಟ್ಟದ ಮನುಷ್ಯ ಬೆನ್ನ ಮೇಲೆ ಎಲ್ಕಿನ ತೊಡೆ ಹೊತ್ತುಕೊಂಡು, ಬಾಯಲ್ಲಿ ಶಿವ ಶಿವ ಅನ್ನುತ್ತಾ ಇಳಿಜಾರು ಇಳಿಯುವುದನ್ನು ನೋಡಿ ನಾನು ನಕ್ಕೆ. ಜೋರಾಗಿಯೇ ನಕ್ಕೆ. ನಿಮ್ಮಮ್ಮ ತಿರುಗಿ ನನ್ನನ್ನು ನೋಡಿದಳು. ಅವಳು ನನ್ನ ನಗುವನ್ನು ಕೇಳಿ ಬಹಳ ದಿನವಾಗಿತ್ತೇನೋ.

ದೊಡ್ಡ ಫ್ರೀಜರ್ ಇದ್ದದ್ದು ಮೈದುನನ ಗ್ಯಾರೇಜಿನಲ್ಲಿ. ಹಾಗಾಗಿ ಐಸಿನ ಡಬ್ಬಗಳಲ್ಲಿ ಬಾಡು ತುಂಬಿಕೊಂಡು ಎಲ್ಲರೂ ಮೊದಲು ರೆಡೊಂಡೊ ಬೀಚಿಗೇ ಬಂದೆವು. ಬೇರೆಯವರಾಗಿದ್ದರೆ ಪ್ಯಾಕೆಟ್ ಕಟ್ಟಿ ಫ್ರೀಜರಿಗೆ ತುಂಬುತ್ತಿದ್ದರು. ಇವನು ಬಿಟ್ಟಾನೆಯೇ? "ಗುಡ್ಡೆ ಹಾಕಬೇಕು" ಅಂದ.

ಗುಡ್ಡೆ ಬಾಡು ಅಂದರೆ ನಿಮಗೆ ಗೊತ್ತಿಲ್ಲ, ಹೇಳುತ್ತೇನೆ. ನಮ್ಮೂರಲ್ಲಿ ಯುಗಾದಿಯ ಮಾರನೇ ದಿನ ಹೊಸತೊಡಕು. ಅವತ್ತು ಹತ್ತಾರು ಮನೆಯವರು ಸೇರಿ ಮರಿ ಕಡಿದು, ಎಲೆಯ ಮೇಲೆ ಒಂದೊಂದು ಒಲೆಗೆ ಒಂದೊಂದು ಗುಡ್ಡೆ ಹಾಕುತ್ತಾರೆ. ತಲೆ ಲೆಕ್ಕವಲ್ಲ, ಒಲೆಯ ಲೆಕ್ಕ. ಒಲೆ ಬೇರೆಯಾದರೆ ಪಾಲೂ ಬೇರೆ. ಪ್ರತಿ ಗುಡ್ಡೆಯಲ್ಲೂ ತೊಡೆ, ಎದೆ, ಲಿವರ್, ಮೂಳೆ, ಎಲ್ಲ ಒಂದೊಂದು ಚೂರಾದರೂ ಇರಬೇಕು. ಯಾರಿಗೂ ಹೆಚ್ಚು ಕಮ್ಮಿ ಅನಿಸಬಾರದು ಅಂತ ಒಬ್ಬರು ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಇನ್ನೊಬ್ಬರು ಒಂದು ಗುಡ್ಡೆ ಮುಟ್ಟಿ "ಇದು ಯಾರಿಗೆ?" ಅನ್ನುತ್ತಾರೆ. ನೋಡದೇ ನಿಂತವರು ಒಂದು ಮನೆಯ ಹೆಸರು ಹೇಳಬೇಕು.

ಶನಿವಾರ ಬೆಳಗ್ಗೆ ಮನೆ ಮುಂದಿನ ಡ್ರೈವ್‌ವೇ ತೊಳೆದು, ಬಾಳೆ ಎಲೆ ಹಾಸಿ, ಮೈದುನ ಗುಡ್ಡೆ ಹಾಕತೊಡಗಿದ. ಇಲ್ಲಿಂದ ಒಂದು ಚೂರು ತೆಗೆದು ಅಲ್ಲಿಗೆ, ಅಲ್ಲಿಂದ ಕಡಲೆಕಾಯಷ್ಟು ಲಿವರ್ ತೆಗೆದು ಇಲ್ಲಿಗೆ. ವಿಮಾನದ ರೆಕ್ಕೆಗೆ ಬೋಲ್ಟು ಹಾಕುವಾಗಲೂ ಅಷ್ಟು ನೋಡಿದ್ದನೋ ಇಲ್ಲವೋ! ಅಷ್ಟರಲ್ಲಿ ರಸ್ತೆಯಲ್ಲಿ ಒಂದು ಕಾರು ನಿಂತಿತು. ಹಳೇ ಸಾಮಾನು ಮಾರಾಟಕ್ಕೆ ಇಟ್ಟಿದ್ದಾರೆ ಅಂದುಕೊಂಡ ಒಬ್ಬ ಮನುಷ್ಯ ತಲೆ ಹೊರಗೆ ಹಾಕಿ "ಹೌ ಮಚ್?" ಅಂದ.

ಕಾಡಿನ ಬಾಡು ಮಾರಿದರೆ ಇಲ್ಲಿ ದೊಡ್ಡ ಅಪರಾಧ. ಮೈದುನ ಹೌಹಾರಿ, ರಕ್ತದ ಕೈಯಲ್ಲಿ ಚಾಕು ಹಿಡಿದುಕೊಂಡೇ ಕಾರಿನ ಕಡೆ ಓಡಿ "ನಾಟ್ ಫಾರ್ ಸೇಲ್! ನಾಟ್ ಫಾರ್ ಸೇಲ್!" ಅಂತ ಕೂಗಿದ. ಆ ಕಾರು ಹೋದ ಸ್ಪೀಡು ನೋಡಿದರೆ ಆ ಮನುಷ್ಯ ಮತ್ತೆ ಯಾವತ್ತೂ ಹಳೇ ಸಾಮಾನು ಕೊಳ್ಳಲು ನಿಂತಿರಲಾರ.

ಆಮೇಲೆ ಅವನು ಗ್ಯಾರೇಜಿನ ಗೋಡೆಗೆ ಮುಖ ಮಾಡಿ ನಿಂತ. ಗುಡ್ಡೆ ಮುಟ್ಟುವ ಕೆಲಸ ನಮ್ಮ ಚಿಕ್ಕವಳಿಗೆ.

"ಇದು ಯಾರಿಗೆ?" ಅಂದೆ ನೀನು. ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲೇ ಉತ್ತರ ಕೊಡುವ ನೀನು ಅಷ್ಟು ಜೋರಾಗಿ, ಅಷ್ಟು ಸ್ಪಷ್ಟವಾಗಿ ಕನ್ನಡ ಆಡಿದ್ದು ಅದೇ ಮೊದಲು.

"ನಿಮ್ಮನೆಗೆ!"

"ಇದು ಯಾರಿಗೆ?"

"ಟಾರೆನ್ಸ್ ಊರಿನ ನನ್ನ ಫ್ರೆಂಡ್ ಮನೆಗೆ!"

"ಇದು ಯಾರಿಗೆ?"

"ಪಕ್ಕದ ಮನೆ ಅಜ್ಜಿಗೆ!" ಅವಳು ನಾಯಿ ಹಿಡಿದುಕೊಂಡು ಬೇಲಿಯ ಆಚೆಯಿಂದ ನೋಡುತ್ತಿದ್ದಳು. ಅವಳದೂ ಒಂದು ಒಲೆಯಲ್ಲವೇ? ಕೈಯಲ್ಲಿ ಎಲೆ ಹಿಡಿದುಕೊಂಡು ಥ್ಯಾಂಕ್ಯೂ ಥ್ಯಾಂಕ್ಯೂ ಅನ್ನುತ್ತಾ ಹೋದಳು. ಮೂಳೆ ಯಾರಿಗೆ ಸಿಕ್ಕಿತು ಅಂತ ನಾಯಿಗೆ ಗೊತ್ತು.

ಮೈದುನನ ಗುಡ್ಡೆಯೂ ಆಯಿತು. ಎಲೆಯ ಮೇಲೆ ಇನ್ನೂ ಒಂದು ಉಳಿದಿತ್ತು.

"ಲೆಕ್ಕ ತಪ್ಪಿದೆ ಕಣಪ್ಪ," ಅಂದೆ ನಾನು. "ಒಂದು ಹೆಚ್ಚು ಬಂದಿದೆ."

ನೀನು ಅದನ್ನೂ ಮುಟ್ಟಿದೆ. "ಇದು ಯಾರಿಗೆ?"

ಗೋಡೆಯ ಕಡೆ ನಿಂತೇ ಅವನು ಜೇಬಿಗೆ ಕೈ ಹಾಕಿದ.

"ಹಿಂದಿನ ಮನೆಗೆ."

ನಾನೇ ಮೆಲ್ಲಗೆ ಅಂದೆ, "ಆ ಮನೇಲಿ ಒಲೆ ಎಲ್ಲಪ್ಪ ಉರೀತಿದೆ?"

"ಹಚ್ಚಿದ್ರೆ ಉರೀತದೆ ಅತ್ತಿಗೆ."

ಮುಖ ತಿರುಗಿಸಲಿಲ್ಲ. ಒಂದು ಕೈಯನ್ನು ಮಾತ್ರ ಹಿಂದಕ್ಕೆ ಚಾಚಿದ. ಅಂಗೈಯಲ್ಲಿ ಬೀಗದ ಕೈ ಇತ್ತು.

ನಾನು ಆ ಎಲೆ ಎತ್ತಿಕೊಂಡು ಒಬ್ಬಳೇ ಹಿಂದಕ್ಕೆ ಹೋದೆ. ಕರಿಬೇವಿನ ಕುಂಡ ಅಲ್ಲೇ ಇತ್ತು, ಗಿಡ ನನ್ನ ಎದೆಯವರೆಗೆ ಬಂದಿತ್ತು. ಬಾಗಿಲು ತೆರೆದೆ. ಬೇಟೆ ಸಾಮಾನು ಒಂದೂ ಇರಲಿಲ್ಲ. ನನ್ನ ಪಾತ್ರೆಗಳು ನಾನು ಬೋರಲು ಹಾಕಿದ್ದ ಹಾಗೇ ಇದ್ದವು, ಧೂಳಿರಲಿಲ್ಲ. ಮುದ್ದೆ ಕೋಲು ಗೋಡೆಗೆ ಒರಗಿತ್ತು. ಖಾರದ ಪುಡಿಯ ಡಬ್ಬದ ಮುಚ್ಚಳ ತೆಗೆದೆ. ಅಷ್ಟು ವರ್ಷದ ಪುಡಿಗೆ ಹುಳ ಬಿದ್ದಿರಬೇಕಿತ್ತಲ್ಲ? ಘಾಟು ಮೂಗಿಗೆ ಹೊಡೆದು ಸೀನಿದೆ. ಹೊಸ ಪುಡಿ! ರಾಗಿ ಹಿಟ್ಟಿನ ಡಬ್ಬ ನೋಡಿದೆ, ಹೊಸ ಹಿಟ್ಟು. ಅಡುಗೆ ಮಾಡುವವರಿಲ್ಲದ ಮನೆಗೆ ಈ ಮನುಷ್ಯ ಅಷ್ಟು ದಿನವೂ ಸಾಮಾನು ತಂದು ಹಾಕುತ್ತಿದ್ದ.

ಒಲೆಯ ಗುಂಡಿ ತಿರುಗಿಸಿದೆ. ನೀಲಿ ಬೆಂಕಿ ಬುಸ್ಸೆಂದು ಎದ್ದಿತು.

ಈರುಳ್ಳಿ ಹುರಿದು, ಮಸಾಲೆ ರುಬ್ಬಿ ಹಾಕಿ, ಸಾರು ಕುದಿಯುವ ಹೊತ್ತಿಗೆ ಮನೆ ತುಂಬ ಹಳೆಯ ವಾಸನೆ. ನಿಮ್ಮ ತಾತ ಕೂರುತ್ತಿದ್ದ ಕುರ್ಚಿಯ ಕಡೆ ನೋಡಬಾರದು ಅಂದುಕೊಂಡೆ, ನೋಡಿದೆ. ಮೈಮೇಲೆ ಇನ್ನೂ ಆ ಗುಲಾಬಿ ಕೋಟು ಇತ್ತು. ಅವರು ಇದ್ದಿದ್ದರೆ ಏನು ಹೇಳುತ್ತಿದ್ದರೋ! ಕಣ್ಣಿಗೆ ಕೈ ಅಡ್ಡ ಹಿಡಿದು, ಸ್ವಲ್ಪ ಲೈಟ್ ಕಮ್ಮಿ ಮಾಡು ಅನ್ನುತ್ತಿದ್ದರು.

ಮುದ್ದೆ ಕಟ್ಟಿ ತಟ್ಟೆಗಿಟ್ಟು ತಿರುಗಿದರೆ ಮೈದುನ ಬಾಗಿಲ ಹೊರಗೆ ನಿಂತಿದ್ದಾನೆ. ಕೈಯಲ್ಲಿ ತಟ್ಟೆ. ಎಂದೂ ಕೇಳದೆ ನುಗ್ಗುವವನು ಹೊಸ್ತಿಲ ಆಚೆಯೇ ನಿಂತಿದ್ದಾನೆ. ಏನೋ ಹೇಳಲು ಬಾಯಿ ತೆರೆದ. ಕನ್ನಡ ಬರಲಿಲ್ಲ. ಇಂಗ್ಲಿಷೂ ಬರಲಿಲ್ಲ. ಜೇಬಿಗೆ ಕೈ ಹಾಕಿ ಪೀಪಿ ತೆಗೆದು ಬಾಯಿಗಿಟ್ಟುಕೊಂಡ.

"ಮ್ಯೂಂ..."

ಬೆಟ್ಟದಲ್ಲಿ ಅಷ್ಟು ದಿನ ಕೂಗಿದ್ದಕ್ಕಿಂತ ಮೆತ್ತಗೆ.

"ಇಲ್ಲೇ ಇದ್ದೀನಿ ಬಾರಪ್ಪ," ಅಂದೆ. "ಕೈ ತೊಳಕೊಂಡು ಬಾ. ಮುದ್ದೆ ಆರ್ತದೆ."